ರಂಗೋಲಿ ಪುಡಿಯಲ್ಲಿ ಸಿಕ್ಕ ಇಲಿಗಳ ದಾರಿ

ಪಾಂಡವಪುರದ ಕಡೆ ನಮ್ಮದು ಹಳೇ ಹೆಂಚಿನ ಮನೆ. ಹಿತ್ತಲು ದಾಟಿದರೆ ಗದ್ದೆ, ಅದರಾಚೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ಡಿಸೆಂಬರ್, ಜನವರಿಯಲ್ಲಿ ಭತ್ತದ ಕುಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಇಲಿಗಳಿಗೆ ತಿನ್ನಲು ಜಾಸ್ತಿ ಏನೂ ಉಳಿಯುವುದಿಲ್ಲ. ಆಗ ಅವು ಮನೆಗಳ ಕಡೆ ಬರುತ್ತವೆ.

ಒಂದು ವರ್ಷ ಕಾಟ ವಿಪರೀತವಾಯಿತು. ರಾತ್ರಿಯೆಲ್ಲ ಅಟ್ಟದ ಮೇಲೆ ಪರಪರ ಸದ್ದು. ರಾಗಿ ಮೂಟೆಗೆ ತೂತು. ಸಂಕ್ರಾಂತಿಗೆಂದು ಹೆಚ್ಚಿ ಒಣಗಿಸಿದ್ದ ಕೊಬ್ಬರಿಯನ್ನೂ ಬಿಡಲಿಲ್ಲ. ನಾನು ಅಂಗಡಿಗೆ ಹೋಗಿ ಇಲಿ ಔಷಧಿಯ ಬಿಲ್ಲೆ ತಂದು ಅಟ್ಟದ ಮೇಲೆ ಇಟ್ಟೆ. ಅದೇ ನಾನು ಮಾಡಿದ ತಪ್ಪು.

ಆ ಬಿಲ್ಲೆಯ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಬೇಕು. ಅಷ್ಟರಲ್ಲಿ ಯಾವುದೋ ಸಂದಿಗೆ ಹೋಗಿ ಸೇರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಗೋಡೆಗೂ ಜಂತಿಗೂ ನಡುವೆ ಸತ್ತು ನಾರಿತು. ಹಬ್ಬದ ಹಿಂದಿನ ದಿನ ಹೆಂಚು ಇಳಿಸಬೇಕಾಯಿತು. ಅದಾದರೂ ಹೋಗಲಿ. ಅಂಥದ್ದೇ ಇಲಿಯೊಂದನ್ನು ನಮ್ಮ ಬೆಕ್ಕು ತಿಂದಿತ್ತು. ವಸಡಿನಲ್ಲಿ ರಕ್ತ ಕಂಡ ಮೇಲೆ ಪಶುವೈದ್ಯರ ಹತ್ತಿರ ಎತ್ತಿಕೊಂಡು ಓಡಿದೆ. ಈ ವಿಷಕ್ಕೆ ಮದ್ದು ವಿಟಮಿನ್ ಕೆ. ಅದನ್ನೇ ಕೊಟ್ಟರು. ತಡವಾಗಿತ್ತು, ಉಳಿಯಲಿಲ್ಲ. ಒಂಬತ್ತು ವರ್ಷ ನಮ್ಮ ಜೊತೆ ಇದ್ದ ಬೆಕ್ಕು. ಅವತ್ತಿನಿಂದ ನಮ್ಮ ಮನೆಗೆ ವಿಷ ತಂದಿಲ್ಲ.

'ಎಲ್ಲಿಂದ ಬತ್ತವೆ ಅಂತ ಮೊದ್ಲು ನೋಡು ಮಗ' ಅಂದರು ಅವ್ವ. ದಾರಿ ತೋರಿಸಿದ್ದೂ ಅವರೇ. ರಾತ್ರಿ ಮಲಗುವ ಮುಂಚೆ ಗೋಡೆಯ ಬುಡದುದ್ದಕ್ಕೂ ರಂಗೋಲಿ ಪುಡಿಯನ್ನು ತೆಳ್ಳಗೆ ಜರಡಿ ಹಿಡಿದರು. ಇಲಿ ಬಯಲಲ್ಲಿ ಓಡಾಡುವುದು ಕಡಿಮೆ, ಗೋಡೆಗೆ ಒತ್ತಿಕೊಂಡೇ ಹೋಗುತ್ತದೆ, ಅಲ್ವಾ? ಬೆಳಗ್ಗೆ ನೋಡಿದರೆ ಪುಟ್ಟ ಪುಟ್ಟ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ. ಮೂರು ದಿನದಲ್ಲಿ ಮೂರು ದಾರಿ ಗೊತ್ತಾದವು: ಬಚ್ಚಲ ನೀರು ಹೋಗುವ ತೂತು, ಹಿಂಬಾಗಿಲ ಕೆಳಗಿನ ಸಂದು, ಗೋಡೆ ಮತ್ತು ಹೆಂಚು ಸೇರುವ ಜಾಗ.

ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದು, ಅಂದರೆ ಸುಮಾರು 6 ಮಿಲಿಮೀಟರ್ ಇದ್ದರೂ ಸಾಕು. ಹಾಗಾಗಿ ಇಷ್ಟು ಚಿಕ್ಕದರಲ್ಲಿ ಏನು ಬರುತ್ತೆ ಅಂತ ಸುಮ್ನೆ ಬಿಡಬೇಡಿ. ತೂತಿಗೆ ಬಟ್ಟೆ ತುರುಕಿದರೆ ಕಡಿದು ಹಾಕುತ್ತವೆ. ನಾನು ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒಳಗೆ ಬಿಗಿಯಾಗಿ ತುಂಬಿ, ಮೇಲೆ ಸಿಮೆಂಟ್ ಮೆತ್ತಿದೆ. ಬಚ್ಚಲಿಗೂ ಸೂರಿನ ಸಂದಿಗೂ ಕಾಲು ಇಂಚು ಕಣ್ಣಿನ ಕಬ್ಬಿಣದ ಜಾಲರಿ. ಬಾಗಿಲ ಕೆಳಗೆ ತಗಡಿನ ಪಟ್ಟಿ. ಸೂರಿಗೆ ತಾಗುತ್ತಿದ್ದ ಸೀಬೆ ಕೊಂಬೆಯನ್ನು ಕಡಿಯಲು ಮನಸ್ಸಿರಲಿಲ್ಲ, ಆದರೂ ಕಡಿದೆ. ಇಲಿಗಳು ಮೂರು ನಾಲ್ಕು ಅಡಿ ದೂರ ಹಾರಬಲ್ಲವು.

ಒಳಗೇ ಉಳಿದುಕೊಂಡ ಇಲಿಗಳಿಗೆ ಇಲಿ ಕತ್ತರಿ ಇಟ್ಟೆ, ಅಂದರೆ ಸ್ಪ್ರಿಂಗ್ ಬಡಿದು ಇಲಿಯನ್ನು ಕೊಲ್ಲುವ ಸಾಧನ. ಬೋನಿನಲ್ಲಿ ಹಿಡಿದು ಬಿಟ್ಟು ಬಂದರೆ ಇನ್ನೊಬ್ಬರ ಕಬ್ಬಿನ ಗದ್ದೆ ಸೇರುತ್ತವೆ, ಅದು ನನಗೆ ಸರಿ ಕಾಣಲಿಲ್ಲ. ಕತ್ತರಿ ಸರಿಯಾಗಿ ಬಿದ್ದರೆ ಪ್ರಾಣ ತಕ್ಷಣ ಹೋಗುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೇ ಮೊದಲ ಮೂರು ರಾತ್ರಿ ಕತ್ತರಿ ಹೂಡದೆ, ಬರೀ ಸುಟ್ಟ ಕೊಬ್ಬರಿ ಇಟ್ಟು ತಿನ್ನಲು ಬಿಟ್ಟೆ. ನಾಲ್ಕನೇ ರಾತ್ರಿ ಕೊಬ್ಬರಿಯನ್ನು ದಾರದಲ್ಲಿ ಕಟ್ಟಿ ಹೂಡಿದೆ. ಕತ್ತರಿ ಗೋಡೆಗೆ ಅಡ್ಡ ಇರಬೇಕು, ಕೊಬ್ಬರಿಯ ತುದಿ ಗೋಡೆ ಕಡೆಗೆ. ಒಂದು ವಾರದಲ್ಲಿ ಐದು ಬಿದ್ದವು. ತಡ ಮಾಡಿದರೆ ಕಷ್ಟ: ಸಣ್ಣ ಇಲಿ ಮೂರು ವಾರಕ್ಕೆ ಐದಾರು ಮರಿ ಹಾಕುತ್ತದೆ, ಆ ಮರಿಗಳು ಒಂದೂವರೆ ತಿಂಗಳಿಗೇ ಮರಿ ಹಾಕುವಷ್ಟು ಬೆಳೆಯುತ್ತವೆ.

ಹಿಕ್ಕೆಯನ್ನು ಒಣಗಿದ್ದಾಗ ಪೊರಕೆಯಲ್ಲಿ ಗುಡಿಸಬೇಡಿ, ದೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ. ಇಲಿ ಜ್ವರ ಹರಡುವುದು ಅವುಗಳ ಉಚ್ಚೆಯಿಂದ. ಕಾಲಲ್ಲಿ ಗಾಯ ಇಟ್ಟುಕೊಂಡು ಗದ್ದೆ ನೀರಿಗೆ ಇಳಿಯುವವರಂತೂ ಹುಷಾರಾಗಿರಬೇಕು.

ರಾಗಿ ಈಗ ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡ್ರಮ್ಮಿನಲ್ಲಿದೆ. ಕಳೆದ ಸಲ ಕುಯ್ಲಿಗೆ ಮುಂಚೆಯೇ ಮತ್ತೆ ಪುಡಿ ಜರಡಿ ಹಿಡಿದೆವು. ಬಚ್ಚಲ ಹತ್ತಿರ ಒಂದು ಸಾಲು ಹೆಜ್ಜೆ ಮೂಡಿತ್ತು. ಜಾಲರಿ ತುಕ್ಕು ಹಿಡಿದು ಒಂದು ಮೂಲೆ ಬಿಟ್ಟುಕೊಂಡಿತ್ತು. ಅವತ್ತೇ ಬದಲಾಯಿಸಿದೆ.