ಕಣಕುಂಬಿಯಿಂದ ಕೂಡಲಸಂಗಮ: ಮಲಪ್ರಭೆಯ ಗುಂಟ ಐದು ದಿನದ ಸೈಕಲ್ ಪ್ರವಾಸ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅಲ್ಲಿಂದ 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಇಷ್ಟು ದೂರದಲ್ಲಿ ಒಟ್ಟು ಇಳಿಕೆ 300 ಮೀಟರಿನಷ್ಟೇ. ಹಾಗಾಗಿ ಇದು ಘಾಟಿ ಹತ್ತುವವರ ದಾರಿ ಎಂದು ಯಾರೂ ಹೆದರಬೇಕಿಲ್ಲ. ಇಲ್ಲಿ ಸವಾರರು ಸೋಲುವುದು ಮಣ್ಣಿಗೆ, ಮುಳ್ಳಿಗೆ, ಎದುರುಗಾಳಿಗೆ. ಮೊದಲ ದಿನ ಕಾಡಿನ ಕೆಂಪು ರಾಡಿ, ನಾಲ್ಕನೇ ದಿನ ಮರವೇ ಇಲ್ಲದ ಎರೆಭೂಮಿ. ಎರಡಕ್ಕೂ ಒಂದೇ ಸೈಕಲ್ ಸಜ್ಜಾಗಿರಬೇಕು.

ಯಾವಾಗ, ಯಾವ ದಿಕ್ಕಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ಕಣಕುಂಬಿ, ಆಮಗಾಂವ ಭಾಗ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿದೆ. ರಸ್ತೆಯ ಗುಂಡಿ ನೀರಲ್ಲಿ ಮುಳುಗಿದ್ದರೆ ಅದರ ಆಳ ತಿಳಿಯುವುದಿಲ್ಲ. ಕೆಳಭಾಗದ ತೊಂದರೆ ಬೇರೆ. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ರಾಮದುರ್ಗ, ಬಾದಾಮಿ ತಾಲ್ಲೂಕುಗಳ ತಗ್ಗಿನ ಸೇತುವೆ, ಬಾಂದಾರಗಳ (ಹೊಳೆಗೆ ಅಡ್ಡ ಕಟ್ಟಿದ ಕಿರು ಒಡ್ಡು) ಮೇಲೆ ಹೊಳೆ ಹರಿಯುತ್ತದೆ. ಮೊಣಕಾಲುಮಟ್ಟದ ನೀರೂ ಬ್ಯಾಗ್ ಕಟ್ಟಿದ ಸೈಕಲ್ಲನ್ನು ಅಡ್ಡ ಎಳೆದುಕೊಂಡು ಹೋಗುತ್ತದೆ. ನೀರು ಇಳಿಯುವ ತನಕ ಕಾಯಿರಿ, ಇಲ್ಲವೇ ಸುತ್ತಿ ಹೋಗಿ. ಮಾರ್ಚ್ ನಂತರ ಬಯಲು ಭಾಗದ ಬಿಸಿಲು ಪೆಡಲ್ ತುಳಿಯಲು ಬಿಡುವುದಿಲ್ಲ.

ಉಳಿದದ್ದು ಅಕ್ಟೋಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಕಾಲ. ದಿಕ್ಕು ಆರಿಸುವುದು ಇಲ್ಲಿ ಮುಖ್ಯ. ಅಕ್ಟೋಬರ್‌ನಲ್ಲಿ ಹೊಳೆಯ ಜೊತೆ ಮೂಡಣಕ್ಕೆ ಇಳಿಯಬಹುದು. ಹಳ್ಳಗಳಲ್ಲಿ ನೀರಿರುತ್ತದೆ, ಗಾಳಿ ಇನ್ನೂ ಜೋರು ಹಿಡಿದಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮೂಡಗಾಳಿ ನೇರ ಎದೆಗೆ ಹೊಡೆಯುತ್ತದೆ. ಆಗ ಇದೇ ದಾರಿಯನ್ನು ತಿರುವಿ, ಬಾಗಲಕೋಟೆ ಕಡೆಯಿಂದ ಹೊರಟು ಕಣಕುಂಬಿಯಲ್ಲಿ ಮುಗಿಸುವುದು ಜಾಣತನ. ಐದು ದಿನಕ್ಕೆ 300 ಮೀಟರ್ ಏರುವುದು ದಿನವಿಡೀ ಎದುರುಗಾಳಿ ತುಳಿಯುವುದಕ್ಕಿಂತ ಎಷ್ಟೋ ಹಗುರ.

ಹೊರಡುವ ದಿನ ಗೊತ್ತು ಮಾಡುವ ಮುನ್ನ ಪಂಚಾಂಗ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಿಂದ ಸವದತ್ತಿಯ ಸುತ್ತಲಿನ ರಸ್ತೆಗಳು ತುಂಬಿಹೋಗುತ್ತವೆ. ಬನದ ಹುಣ್ಣಿಮೆಗೆ ಬಾದಾಮಿಯಲ್ಲಿ ಬನಶಂಕರಿ ಜಾತ್ರೆಯೂ ಶುರುವಾಗುತ್ತದೆ. ಆ ವಾರ ಎರಡೂ ಊರುಗಳಲ್ಲಿ ಲಾಡ್ಜ್ ಸಿಗುತ್ತದೆಂಬ ಆಸೆ ಬಿಡಿ.

ಸೈಕಲ್

ದುಬಾರಿ ಟೂರಿಂಗ್ ಸೈಕಲ್ಲೇ ಆಗಬೇಕೆಂದಿಲ್ಲ. ಹಿಂದೆ ಕ್ಯಾರಿಯರ್ ಕೂರಿಸಬಹುದಾದ ಹೈಬ್ರಿಡ್ ಅಥವಾ ಹಳೆಯ ಎಂಟಿಬಿ (ಗುಡ್ಡಗಾಡಿನ ಸೈಕಲ್) ಸಾಕು. ಟೈರ್ 700×35ಕ್ಕಿಂತ (35 ಎಂದರೆ ಮಿ.ಮೀ. ಲೆಕ್ಕದ ಅಗಲ) ಸಣ್ಣದು ಬೇಡ, 38 ಅಥವಾ 40 ಉತ್ತಮ. ಗೇರಿನಲ್ಲಿ ಮುಂದೆ 30-32 ಹಲ್ಲಿನ ಚಿಕ್ಕ ಚೈನ್‌ರಿಂಗ್, ಹಿಂದೆ 34 ಹಲ್ಲಿನ ದೊಡ್ಡ ಚಕ್ರ ಇದ್ದರೆ ಲಗೇಜ್ ಹೊತ್ತೂ ಜಾಂಬೋಟಿ ಕಡೆಯ ಏರುಗಳನ್ನು ಕೂತೇ ಹತ್ತಬಹುದು. ಸಾಮಾನು 12 ಕೆ.ಜಿ. ದಾಟದಿರಲಿ. ಹಳ್ಳಿ ಹಳ್ಳಿಗೂ ಚಹಾ ಅಂಗಡಿ, ಖಾನಾವಳಿ ಇರುವ ನಾಡಿದು, ಒಲೆ-ಪಾತ್ರೆ ಹೊತ್ತೊಯ್ಯುವುದು ದಂಡ.

ಸವಾರ, ಸೈಕಲ್, ಸಾಮಾನು ಸೇರಿ 95 ಕೆ.ಜಿ. ಆದರೆ 38ರ ಟೈರಿಗೆ ಹಿಂದೆ 55, ಮುಂದೆ 45 ಪಿಎಸ್‌ಐ ಹವಾ ಹಾಕಿ. ಕಾಡಿನ ಕಿತ್ತ ರಸ್ತೆಯಲ್ಲಿ ಎರಡರಲ್ಲೂ 5 ಕಡಿಮೆ ಮಾಡಿ. ಇನ್ನೂ ಇಳಿಸಿದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಟ್ಯೂಬಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಳ್ಳಿಯ ಸೈಕಲ್ ಶಾಪಿನಲ್ಲಿ ಸಿಗುವುದು 28×1½ ಅಳತೆಯದು, ಅಂದರೆ ಹಾಲಿನವರು ಓಡಿಸುವ ಹಳೇ ಮಾದರಿ ಸೈಕಲ್ಲಿನ ಟ್ಯೂಬ್. 700 ಅಳತೆಯದು ಬೆಳಗಾವಿ ಬಿಟ್ಟ ಮೇಲೆ ಸಿಗುವುದು ಅನುಮಾನ. ತೀರಾ ಅಗತ್ಯ ಬಿದ್ದರೆ ಆ 28×1½ ಟ್ಯೂಬ್ 38ರ ಟೈರಿನೊಳಗೆ ಕೂರುತ್ತದೆ. ಆದರೆ ಅದರ ವಾಲ್ವ್ ದಪ್ಪ. ನಿಮ್ಮ ರಿಮ್ಮಿನ ತೂತು ಸಣ್ಣ ಪ್ರೆಸ್ಟಾ ವಾಲ್ವಿಗೆ ಕೊರೆದದ್ದಾದರೆ ಅದು ಹೋಗುವುದೇ ಇಲ್ಲ. ಪ್ರೆಸ್ಟಾ ಇದ್ದವರು ಮೂರು ಟ್ಯೂಬ್, ಉಳಿದವರು ಎರಡು ಇಟ್ಟುಕೊಳ್ಳಿ. ಪ್ರೆಸ್ಟಾಗೆ ಹಿತ್ತಾಳೆಯ ಅಡಾಪ್ಟರ್ ಒಂದಿದ್ದರೆ ಪಂಕ್ಚರ್ ಅಂಗಡಿಯಲ್ಲೂ ಹವಾ ತುಂಬಿಸಬಹುದು.

ಉಳಿದಂತೆ ಪಂಪ್, ಪ್ಯಾಚ್-ಸೊಲ್ಯೂಷನ್, ಟೈರ್ ಲಿವರ್ ಎರಡು, ಮಲ್ಟಿಟೂಲ್, ಚೈನ್ ಲಿಂಕ್, ಬ್ರೇಕ್ ಪ್ಯಾಡ್ ಒಂದು ಜೊತೆ, ಬ್ರೇಕ್ ಮತ್ತು ಗೇರ್ ವೈರ್ ಒಂದೊಂದು, ಹಿಂದಿನ ಗಾಲಿಯ ಅಳತೆಯ ಕಡ್ಡಿ (ಸ್ಪೋಕ್) ಎರಡು, ಸ್ಪೋಕ್ ಕೀ. ಭಾರ ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ಹಿಂದಿನ ಗಾಲಿಯ ಚೈನ್ ಬದಿಯ ಕಡ್ಡಿಯೇ. ಅದನ್ನು ಬದಲಿಸಲು ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಜೋಡಣೆ) ಬಿಚ್ಚಬೇಕು, ರಸ್ತೆ ಬದಿಯಲ್ಲಿ ಅದು ಆಗದ ಮಾತು. ಮುರಿದ ಕಡ್ಡಿಯನ್ನು ಪಕ್ಕದ್ದಕ್ಕೆ ಸುತ್ತಿ ಕಟ್ಟಿ, ಅದರ ಎರಡೂ ಮಗ್ಗುಲಿನ ಎಡಬದಿ ಕಡ್ಡಿಗಳನ್ನು ಅರ್ಧ ಸುತ್ತು ಸಡಿಲಿಸಿದರೆ ರಿಮ್ ನಡುವಿಗೆ ಬಂದು ಮುಂದಿನ ಊರು ಮುಟ್ಟುವಷ್ಟು ನೆಟ್ಟಗಾಗುತ್ತದೆ.

ಕಾಡಿನ ದಿನ

ಬೆಳಗಾವಿಯಿಂದ ಜಾಂಬೋಟಿ ಮೇಲೆ ಕಣಕುಂಬಿಗೆ ಸುಮಾರು 45 ಕಿ.ಮೀ. ಮಾಉಲಿ ದೇವಿಯ ಗುಡಿ ಬಳಿ ಹೊಳೆಯ ಮೂಲ ನೋಡಿ ಅದೇ ದಾರಿಯಲ್ಲಿ ಜಾಂಬೋಟಿಗೆ ಮರಳಿ ಖಾನಾಪುರಕ್ಕೆ ಇಳಿದು ವಸ್ತಿ ಮಾಡಿ. ಒಟ್ಟು 80 ಕಿ.ಮೀ. ಆಸುಪಾಸು. ಕಣಕುಂಬಿ ದಾಟಿದರೆ ಚೋರ್ಲಾ ಘಾಟ್, ಗೋವಾ ಕಡೆಗೆ 600 ಮೀಟರಿಗೂ ಮಿಕ್ಕಿದ ಇಳಿಜಾರು. ಇಳಿಯುವುದು ಸೊಗಸು, ಆದರೆ ಇಳಿದಷ್ಟೂ ಮತ್ತೆ ಹತ್ತಬೇಕು, ದಿನ ಅಲ್ಲೇ ಮುಗಿಯುತ್ತದೆ. ಮಲಪ್ರಭೆಯ ಜೊತೆ ಹೋಗುವವರಿಗೆ ಅದು ಬೇಡ. ಇಳಿಯುವುದೇ ಆದರೆ ರಿಮ್ ಬ್ರೇಕನ್ನು ಒಂದೇ ಸಮ ಹಿಡಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಬಿಟ್ಟುಬಿಡಿ. ಉಜ್ಜುತ್ತಲೇ ಇದ್ದರೆ ರಿಮ್ ಕಾದು ಟ್ಯೂಬ್ ಒಡೆಯುತ್ತದೆ.

ಈ ರಸ್ತೆಯ ದಕ್ಷಿಣಕ್ಕೆ ಭೀಮಗಡ ಅಭಯಾರಣ್ಯ. ಕರಡಿ, ಕಾಡುಕೋಣ, ಚಿರತೆ ಇರುವ ಕಾಡು. ಕರಡಿ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆದ್ದರಿಂದ ಜಾಂಬೋಟಿ ಆಚೆಗಿನ ಪ್ರಯಾಣ ಬೆಳಿಗ್ಗೆ 7ರ ನಂತರ, ಸಂಜೆ 5ರ ಒಳಗೆ ಇರಲಿ. ಸೈಕಲ್ ಸದ್ದಿಲ್ಲದೆ ಬರುತ್ತದೆ, ತಿರುವಿನಲ್ಲಿ ಪ್ರಾಣಿ ಬೆಚ್ಚಿಬೀಳುವುದೇ ಅಪಾಯ. ಮರೆಯ ತಿರುವುಗಳಲ್ಲಿ ಗಂಟೆ ಬಾರಿಸಿ. ಕಾಡುಕೋಣ ರಸ್ತೆಯಲ್ಲಿ ನಿಂತಿದ್ದರೆ ದೂರದಲ್ಲೇ ಇಳಿದು ಕಾಯಿರಿ, ಫೋಟೊಕ್ಕೆಂದು ಹತ್ತಿರ ಹೋಗಬೇಡಿ. ಡಾಂಬರು ಬಿಟ್ಟು ಕಾಡಿನೊಳಗಿನ ಕಚ್ಚಾ ದಾರಿ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಈ ಕಡೆ ಮರಾಠಿ ಮಾತು ಹೆಚ್ಚು, ಕನ್ನಡವೂ ನಡೆಯುತ್ತದೆ.

ರಾತ್ರಿ ಖಾನಾಪುರದಲ್ಲಿ ಚೈನ್ ಒರೆಸಿ ಎಣ್ಣೆ ಬಿಡಿ. ಮೇಲೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ತೆಗೆಯಬೇಕು. ನಾಳೆಯಿಂದ ಧೂಳಿನ ದಾರಿ, ಜಿಡ್ಡಿದ್ದರೆ ಧೂಳು ಅಂಟಿ ಅರದಂತೆ ಚೈನನ್ನು ತೇಯುತ್ತದೆ.

ಬಯಲಿಗೆ

ಎರಡನೇ ದಿನ ಖಾನಾಪುರದಿಂದ ಪಾರಿಶ್ವಾಡ ಮೇಲೆ ಎಂ.ಕೆ. ಹುಬ್ಬಳ್ಳಿ, ಅಲ್ಲಿಂದ ಬೈಲಹೊಂಗಲ. ದಿನ ಹಗುರ. ಎಂ.ಕೆ. ಹುಬ್ಬಳ್ಳಿಯಲ್ಲಿ ಹೊಳೆಯೊಳಗಿನ ಗಂಗಾಂಬಿಕೆಯ ಐಕ್ಯಮಂಟಪ ನೋಡಿ. ರಾಷ್ಟ್ರೀಯ ಹೆದ್ದಾರಿಯನ್ನು ಅಡ್ಡ ಹಾಯಬೇಡಿ, ಸರ್ವಿಸ್ ರಸ್ತೆ ಹಿಡಿದು ಕೆಳಸೇತುವೆಯಲ್ಲಿ ದಾಟಿ. ಮೂರನೇ ದಿನ ಸೊಗಲದ ಜಲಪಾತ, ಮುನವಳ್ಳಿ, ಹೊಳೆ ಗುಡ್ಡ ಸೀಳಿದ ನವಿಲುತೀರ್ಥ, ಸವದತ್ತಿ.

ನವೆಂಬರ್‌ನಿಂದ ಕಬ್ಬಿನ ಟ್ರ್ಯಾಕ್ಟರುಗಳ ಕಾಲ. ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ತಿರುವಿನಲ್ಲಿ ಒಳಮಗ್ಗುಲಿಗೆ ಸರಿಯುತ್ತದೆ, ಅದರ ಎಡಕ್ಕೆ ಎಂದೂ ನುಗ್ಗಬೇಡಿ. ಬಹಳಷ್ಟು ಡಬ್ಬಿಗಳಿಗೆ ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇರುವುದಿಲ್ಲ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಸೈಕಲ್ ಬೇಡವೇ ಬೇಡ.

ನಾಲ್ಕನೇ ದಿನ ಸವದತ್ತಿಯಿಂದ ರಾಮದುರ್ಗ ಮೇಲೆ ಬಾದಾಮಿ, 85-90 ಕಿ.ಮೀ. ಐದರಲ್ಲಿ ಕಠಿಣ ದಿನ ಇದೇ. ನೆರಳಿಲ್ಲ, ಹೊತ್ತೇರಿದಂತೆ ಗಾಳಿ ಏಳುತ್ತದೆ. 6ಕ್ಕೆ ಹೊರಟು 11ರೊಳಗೆ ರಾಮದುರ್ಗ ದಾಟಿರಬೇಕು. ನೀರು 3 ಲೀಟರ್ ಜೊತೆಗಿರಲಿ, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯಿರಿ, ದಿನಕ್ಕೆ ಒಂದೆರಡು ಲೀಟರಿಗೆ ಓಆರ್‌ಎಸ್ ಬೆರೆಸಿ. ತಿನ್ನಲು ಕರದಂಟಿಗಿಂತ ಒಳ್ಳೆಯದಿಲ್ಲ. ಬೆಲ್ಲ, ಅಂಟು, ಒಣಹಣ್ಣು ಇರುವ ಅದು ಬಿಸಿಲಿಗೆ ಕೆಡುವುದಿಲ್ಲ, ಗಂಟೆಗೊಂದು ಸಣ್ಣ ತುಂಡು ಸಾಕು. ಹೊರಡುವಾಗಲೇ ಬೆಳಗಾವಿಯಲ್ಲಿ ಅರ್ಧ ಕೆ.ಜಿ. ಕಟ್ಟಿಸಿಕೊಳ್ಳಿ. ಮಧ್ಯಾಹ್ನ ರೊಟ್ಟಿ, ಜುಣಕ, ಮಜ್ಜಿಗೆ. ಹೊಟ್ಟೆ ತುಂಬ ಉಂಡರೆ ಒಂದು ಗಂಟೆ ಮಲಗಿಯೇ ಏಳಬೇಕಾಗುತ್ತದೆ.

ಈ ಭಾಗದಲ್ಲಿ ಜಾಲಿಮುಳ್ಳಿನ ಕಾಟ ಹೆಚ್ಚು. ಹೊಲದ ಬೇಲಿ ಸವರಿ ರಸ್ತೆ ಅಂಚಿಗೆ ಹಾಕಿರುತ್ತಾರೆ, ಹಾಗಾಗಿ ಮಣ್ಣಂಚಿಗೆ ಇಳಿಯದೆ ಡಾಂಬರಿನ ಮೇಲೇ ಇರಿ. ನಿಂತಾಗೆಲ್ಲ ಗಾಲಿ ತಿರುವಿ ಟೈರ್ ನೋಡಿ. ಮುಳ್ಳು ತುದಿ ಮುರಿದು ರಬ್ಬರಿನೊಳಗೇ ಉಳಿಯುತ್ತದೆ, ಹೊರಗೆ ಕರಿ ಚುಕ್ಕೆಯಷ್ಟೇ ಕಾಣುತ್ತದೆ. ಪಂಕ್ಚರ್ ಆದರೆ ಟ್ಯೂಬಿನ ತೂತನ್ನು ಟೈರಿನ ಅದೇ ಜಾಗಕ್ಕೆ ಹೊಂದಿಸಿ ಹುಡುಕಿ. ಒಳಗೆ ಬೆರಳಾಡಿಸುವ ಬದಲು ಹತ್ತಿಬಟ್ಟೆ ಎಳೆಯಿರಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಅದನ್ನು ಹೊರಗಿನಿಂದ ಅಲ್ಲ, ಒಳಗಿನಿಂದ ಒತ್ತಿ ತೆಗೆಯಬೇಕು. ಬಿಟ್ಟರೆ ಹೊಸ ಟ್ಯೂಬ್ ಅರ್ಧ ತಾಸೂ ಬಾಳದು.

ಮಳೆ ಬಿದ್ದಿದ್ದರೆ ಎರೆಹೊಲದ ದಾರಿಗೆ ಗಾಲಿಯನ್ನೇ ಇಡಬೇಡಿ. ಎರೆಮಣ್ಣು ಟೈರಿಗೂ ಮಡ್ಗಾರ್ಡಿಗೂ ನಡುವೆ ತುಂಬಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಆಗ ಬಲವಂತವಾಗಿ ತುಳಿದರೆ ಹಿಂದಿನ ಗೇರಿನ ತೋಳು ಕಡ್ಡಿಗಳೊಳಗೆ ಎಳೆದುಕೊಂಡು, ಅದನ್ನು ಹಿಡಿದ ಹ್ಯಾಂಗರ್ ಮುರಿಯುತ್ತದೆ. ಇಳಿಯಿರಿ, ಕಟ್ಟಿಗೆಯ ತುಂಡಿನಿಂದ ಮಣ್ಣು ಕೆರೆದು, ಸೈಕಲ್ ಎತ್ತಿಕೊಂಡು ಡಾಂಬರಿಗೆ ಬನ್ನಿ. ಒಂದು ಹೊತ್ತಿನ ಬಿಸಿಲು ಬಿದ್ದರೆ ದಾರಿ ಗಟ್ಟಿಯಾಗುತ್ತದೆ.

ಕೊನೆಯ ದಿನ ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ. ಅಲ್ಲಿ ಹೊಳೆ ಉತ್ತರಕ್ಕೆ ಹರಿಯುತ್ತದೆ. ಮುಂದೆ ಐಹೊಳೆ, ಅಮೀನಗಡ, ಕೂಡಲಸಂಗಮ. ಗುಡಿಗಳಿಗೆ ಬೆಳಗಿನ ಹೊತ್ತು ಕೊಡಿ, ಮಧ್ಯಾಹ್ನ ಮರಳುಗಲ್ಲು ಕಾದು ಬರಿಗಾಲಿಡಲಾಗದು. ಅಮೀನಗಡದಲ್ಲಿ ಕರದಂಟು ಮತ್ತೆ ತುಂಬಿಕೊಳ್ಳಿ.

ಮರಳಲು ಬಾಗಲಕೋಟೆ ಅಥವಾ ಆಲಮಟ್ಟಿಯ ರೈಲು ನಿಲ್ದಾಣ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು, ಗಾಡಿಗೆ ಎರಡು ತಾಸು ಮೊದಲೇ ಹೋಗಿ. ಬ್ಯಾಗ್, ದೀಪ, ಪಂಪ್, ಬಾಟಲ್ ಎಲ್ಲ ಬಿಚ್ಚಿಕೊಳ್ಳಿ. ಹ್ಯಾಂಡಲ್ ಅಡ್ಡ ತಿರುಗಿಸಿ, ಪೆಡಲ್ ಕಳಚಿ, ಗೇರಿನ ಬದಿಗೆ ರಟ್ಟು ಸುತ್ತಿ. ಹೆಸರು, ಫೋನ್ ನಂಬರ್, ಇಳಿಯುವ ಊರು ಬರೆದ ಚೀಟಿಯನ್ನು ಫ್ರೇಮಿಗೆ ಎರಡು ಕಡೆ ಅಂಟಿಸಿ. ಎಡಬದಿಯ ಪೆಡಲ್ಲಿನ ತಿರುಪು ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ.