ಹೊಳೆಯ ತಳಕ್ಕೊಂದು ನಕ್ಷೆ: ಅಘನಾಶಿನಿ ಅಳಿವೆಯಲ್ಲಿ ಬಳಚು, ಹುಳು, ಏಡಿ ಎಣಿಸುವುದು ಹೇಗೆ?

ಕುಮಟಾ ತಾಲ್ಲೂಕಿನ ತದಡಿ ಹತ್ತಿರ ಇಳಿತದ ಹೊತ್ತಿನಲ್ಲಿ ನಿಂತು ನೋಡಿ. ಆಗಷ್ಟೇ ದೋಣಿ ಓಡಾಡಿದ ಜಾಗದಲ್ಲಿ ಹೊಯ್ಗೆ (ಮರಳು) ದಿಬ್ಬ ಎದ್ದಿರುತ್ತದೆ. ಹೆಂಗಸರು ಬುಟ್ಟಿ ಹಿಡಿದು ಬಳಚು (ತಳದಲ್ಲಿ ಹೂತಿರುವ ಎರಡು ಚಿಪ್ಪಿನ ಜೀವಿ) ಹೆಕ್ಕುತ್ತಿರುತ್ತಾರೆ. ಯಾವ ದಿಬ್ಬದಲ್ಲಿ ಬಳಚು ಜಾಸ್ತಿ, ಎಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಹೂತುಹೋಗುತ್ತದೆ, ಎಲ್ಲಿ ಚಿಪ್ಪು ಕಾಲು ಕೊಯ್ಯುತ್ತದೆ, ಎಲ್ಲವೂ ಅವರಿಗೆ ಗೊತ್ತು. ಆದರೆ ಅದು ಕಾಗದದ ಮೇಲೆ ಇಲ್ಲ. ಹಾಗಾಗಿ ನಾಳೆ ಹೂಳು ತುಂಬಿ ದಿಬ್ಬ ಬರಿದಾದರೆ, 'ಇಲ್ಲಿ ಇಷ್ಟು ಬಳಚು ಇತ್ತು' ಎಂದು ತೋರಿಸಲು ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಇಲ್ಲಿ ಸಮುದ್ರ ಸೇರುವ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟೆ ಇಲ್ಲ. ಘಟ್ಟದ ನೀರು ಇಂದಿಗೂ ತನ್ನ ಲೆಕ್ಕದಲ್ಲೇ ಇಳಿದು ಬರುತ್ತದೆ. 2024ರ ಆರಂಭದಲ್ಲಿ ಇದರ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಗದಗದ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ ಕೂಡ ಅದೇ ಸಲ ಸೇರಿದವು. ಹೆಸರು ಬಂತು, ಸಂತೋಷ. ಆದರೆ ಉಳಿಸಬೇಕಾದ್ದು ಏನು, ಅದು ಎಲ್ಲೆಲ್ಲಿದೆ ಎಂದು ಗೊತ್ತಿರಬೇಕಲ್ವಾ? ಒಂದು ಕಾಲೇಜು ತಂಡ ಅಥವಾ ಊರಿನ ಹತ್ತು ಜನ ಸೇರಿದರೆ ಈ ಕೆಲಸ ಶುರು ಮಾಡಬಹುದು.

ಮೊದಲು ಅನುಮತಿ, ಆಮೇಲೆ ಪಂಚಾಂಗ

ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಹೇಳಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯನ್ನು ಕೇಳಿ. ಬಳಚು ತೆಗೆಯುವವರನ್ನಂತೂ ಎಲ್ಲರಿಗಿಂತ ಮುಂಚೆ ಕೇಳಬೇಕು.

ದಿನ ಗೊತ್ತುಮಾಡಲು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನ ನೀರು ಜೋರಾಗಿ ಏರಿ, ಜೋರಾಗಿ ಇಳಿಯುತ್ತದೆ. ತಳ ಹೆಚ್ಚು ಕಾಣುವುದು ಆಗಲೇ. ಅಷ್ಟಮಿಯ ಆಚೀಚೆ ನೀರು ಅಷ್ಟಾಗಿ ಇಳಿಯುವುದಿಲ್ಲ, ಆಗ ಹೋದರೆ ಸುಮ್ನೆ ದಂಡ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂಬುದು ನೆನಪಿರಲಿ. ನೀರು ಪೂರ್ತಿ ಇಳಿಯುವ ಎರಡು ಗಂಟೆ ಮುಂಚೆ ಕೆಲಸ ಶುರು ಮಾಡಿ. ಭರತ ತಿರುಗಿದ ಕೂಡಲೇ, ಅಂದರೆ ನೀರು ಮತ್ತೆ ಏರಲು ಶುರುವಾದ ಕೂಡಲೇ, ದಡ ಹತ್ತಿ. ಒಬ್ಬರೇ ಹೋಗುವಂತಿಲ್ಲ. ಜೋರು ಮಳೆಗಾಲದಲ್ಲಿ ಹೋಗಲೇಬೇಡಿ. ನೀರಿನಲ್ಲಿ ನಡೆಯುವಾಗ ಕಾಲೆತ್ತಿ ಇಡಬೇಡಿ, ಜಾರಿಸುತ್ತಾ ನಡೆಯಿರಿ. ತಳದಲ್ಲಿ ಮಲಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ಮೆಟ್ಟಿದರೆ ಅದರ ಬಾಲದ ಮುಳ್ಳು ಬಿಡುವುದಿಲ್ಲ.

ಒರಟು ನಕ್ಷೆ ಬರೆಯುವುದು

ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅದರಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಇಳಿತದ ಹೊತ್ತಿನಲ್ಲಿ ತೆಗೆದ, ಮೋಡವಿಲ್ಲದ ಚಿತ್ರವನ್ನು ಹುಡುಕಿ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಕಾಂಡ್ಲಾ, ಹೊಯ್ಗೆ ದಿಬ್ಬ, ಕೆಸರು, ಕಲ್ಲು, ಗಜನಿ ಗದ್ದೆ (ಉಪ್ಪು ನೀರು ನುಗ್ಗುವ ತಗ್ಗಿನ ಗದ್ದೆ), ಆಳದ ನೀರು ಎಂದು ಗೆರೆ ಎಳೆಯಿರಿ. ಆಳದ ನೀರಿನ ತಳ ಇದರಲ್ಲಿ ಕಾಣುವುದಿಲ್ಲ, ನೀರು ಅಷ್ಟು ಕದಡಿರುತ್ತದೆ.

ಈ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬಳಚು ತೆಗೆಯುವವರ ಮುಂದೆ ಹಾಸಿ. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ ಇದು. ಒಬ್ಬ ಅಕ್ಕ ಮೊದಲು ಚಿತ್ರವನ್ನೇ ತಿರುಗಿಸಿ, ಸಮುದ್ರ ತನ್ನ ಎಡಕ್ಕೆ ಬರುವ ಹಾಗೆ ಇಟ್ಟುಕೊಂಡರು. ಆಮೇಲೆ ಬೆರಳಿಟ್ಟು ಹೇಳುತ್ತಾ ಹೋದರು: "ತಂಗೀ, ಇದು ಮೊದಲು ಹೊಯ್ಗೆ. ಎರಡು ಮಳೆಗಾಲ ಆಯ್ತು, ಈಗ ಬರೀ ಕೆಸರು. ಇಲ್ಲಿ ಬಳಚು ಸಣ್ಣದು, ತೆಗೆಯೂದಿಲ್ಲ." ನಾವು ಒಂದೇ ಬಣ್ಣ ಬಳಿದಿದ್ದ ಜಾಗವನ್ನು ಅವರು ಮೂರು ಭಾಗ ಮಾಡಿದ್ದರು. ದಿಬ್ಬಗಳಿಗೆ ಅವರು ಹೇಳುವ ಹೆಸರನ್ನೇ ನಕ್ಷೆಯಲ್ಲಿ ಬರೆಯಿರಿ.

ಎಲ್ಲಿ ಅಗೆಯಬೇಕು?

ಬಳಚು ಇರುವ ಕಡೆ ಮಾತ್ರ ಅಗೆದರೆ ಹೊಳೆ ತುಂಬ ಬಳಚು ಇದ್ದ ಹಾಗೆ ಕಾಣುತ್ತದೆ. ಹಾಗಾಗಿ ಒರಟು ನಕ್ಷೆಯ ಪ್ರತಿ ಬಗೆಯ ತಳದಲ್ಲೂ ಕೆಲವು ಜಾಗಗಳನ್ನು ಚೀಟಿ ಎತ್ತಿದ ಹಾಗೆ ಆರಿಸಬೇಕು. ಕ್ಯೂಜಿಐಎಸ್ ಈ ಚೀಟಿ ಎತ್ತುವ ಕೆಲಸ ಮಾಡಿಕೊಡುತ್ತದೆ. ಅಳಿವೆಯ ಬಾಯಿಂದ ಮಿರ್ಜಾನ, ದಿವಗಿ ಕಡೆಗೆ ಮೇಲೆ ಹೋದಂತೆ ನೀರಿನ ಉಪ್ಪು ಇಳಿಯುತ್ತದೆ. ಪಫಿಯಾ ಎಂಬ ಬಳಚಿಗೆ ಸಮುದ್ರದ ಹತ್ತಿರದ ಉಪ್ಪು ಬೇಕು. ಕಪ್ಪು ಚಿಪ್ಪಿನ ವಿಲ್ಲೊರಿಟಾ ಉಪ್ಪು ಕಡಿಮೆ ಇರುವ ಮೇಲಿನ ಕಡೆ ಇರುತ್ತದೆ. ಅದಕ್ಕೇ ಬಾಯಿ, ನಡು, ಮೇಲು, ಮೂರೂ ಕಡೆ ಜಾಗಗಳು ಬೀಳಬೇಕು.

ಪ್ರತಿ ಜಾಗದಲ್ಲೂ ಮೂರು ಸಲ ಅಗೆಯಿರಿ. ಒಂದೇ ಸಲ ಅಗೆದರೆ ಸಿಕ್ಕಿದ್ದು ಅದೃಷ್ಟವೋ ನಿಜವೋ ಗೊತ್ತಾಗುವುದಿಲ್ಲ.

ಚೌಕ, ಕೊಳವೆ, ಜರಡಿ

ಬೇಕಾದ ಸಾಮಾನು ಕಡಿಮೆ. ಒಳಗಡೆ 25 ಸೆಂ.ಮೀ. ಉದ್ದಗಲ ಇರುವ ಪಿವಿಸಿ ಚೌಕಟ್ಟು, 10 ಸೆಂ.ಮೀ. ಅಗಲದ ಪಿವಿಸಿ ಕೊಳವೆ ತುಂಡು, 1 ಮಿ.ಮೀ. ಮತ್ತು ಅರ್ಧ ಮಿ.ಮೀ. ಕಣ್ಣಿನ ಜರಡಿಗಳು, ಕರಣೆ, ಬಕೆಟ್, ಬಿಳಿ ತಟ್ಟೆ, ಚಿಮಟ, ಸ್ಕೇಲು, ಪೆನ್ಸಿಲ್, ಜಿಪಿಎಸ್ ಇರುವ ಫೋನು.

ಮೊದಲು ಕೈ ಹಾಕದೆ ನೋಡಿ, ಫೋಟೋ ತೆಗೆಯಿರಿ. ಮೇಲ್ಮೈ ಬಹಳ ಹೇಳುತ್ತದೆ. ಪಕ್ಕಪಕ್ಕದ ಎರಡು ಸಣ್ಣ ತೂತು ಕಂಡರೆ ಕೆಳಗೆ ಬಳಚು ಇರಬಹುದು. ಒಂದರಿಂದ ನೀರು ಎಳೆದು ಇನ್ನೊಂದರಿಂದ ಬಿಡುತ್ತದೆ. ತೂತಿನ ಸುತ್ತ ಸಾಸಿವೆಯಂಥ ಹೊಯ್ಗೆ ಉಂಡೆಗಳು ಹರಡಿದ್ದರೆ ಅದು ಸಣ್ಣ ಏಡಿಯ ಕೆಲಸ. ಚಿಪ್ಪಿನ ಚೂರು, ಕಡ್ಡಿ ಅಂಟಿಸಿಕೊಂಡ ಒಂದು ಮೆತ್ತನೆ ಕೊಳವೆ ನೆಲದಿಂದ ಎದ್ದಿದ್ದರೆ ಅದರೊಳಗೆ ಹುಳು ಮನೆ ಮಾಡಿದೆ.

ಚೌಕವನ್ನು ಇಟ್ಟು, ಒಳಗಿನ ಮಣ್ಣನ್ನು 15 ಸೆಂ.ಮೀ. ಆಳದವರೆಗೆ ತೆಗೆದು 1 ಮಿ.ಮೀ. ಜರಡಿಗೆ ಹಾಕಿ. ಹೊಳೆ ನೀರಿನಲ್ಲೇ ಜರಡಿಯನ್ನು ನಿಧಾನಕ್ಕೆ ಅಲುಗಿಸಿ. ಮೇಲಿಂದ ಕೊಡಪಾನದಲ್ಲಿ ನೀರು ಸುರಿದರೆ ಹುಳುಗಳು ತುಂಡಾಗುತ್ತವೆ. ಉಳಿದದ್ದನ್ನು ಬಿಳಿ ತಟ್ಟೆಗೆ ಬಗ್ಗಿಸಿ ಎಣಿಸಿ, ಬಳಚಿನ ಉದ್ದ ಅಳೆಯಿರಿ, ಫೋಟೋ ತೆಗೆದು ಅಲ್ಲೇ ವಾಪಸ್ ಬಿಡಿ. ಖಾಲಿ ಚಿಪ್ಪನ್ನು ಬೇರೆ ಎಣಿಸಬೇಕು. ಸತ್ತದ್ದನ್ನು ಬದುಕಿದ್ದರ ಜೊತೆ ಸೇರಿಸಿದರೆ ನಕ್ಷೆಯೇ ಸುಳ್ಳಾಗುತ್ತದೆ. ಉದ್ದ ಅಳೆಯುವುದನ್ನು ಬಿಡಬೇಡಿ. ಒಂದು ದಿಬ್ಬದ ತುಂಬ ದೊಡ್ಡ ಬಳಚೇ ಇದ್ದು ಮರಿ ಒಂದೂ ಇಲ್ಲದಿದ್ದರೆ ಅದು ಚಿಂತೆಯ ಮಾತು.

ಲೆಕ್ಕ ಸುಲಭ. 25 ಸೆಂ.ಮೀ. ಚೌಕ ಅಂದರೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಚೌಕದಲ್ಲಿ 9 ಬಳಚು ಸಿಕ್ಕರೆ ಚದರ ಮೀಟರಿಗೆ 144. ಮೂರು ಚೌಕದಲ್ಲಿ 9, 0, 3 ಸಿಕ್ಕರೆ ಮೂರನ್ನೂ ಬರೆಯಿರಿ, ಸರಾಸರಿ ಆಮೇಲೆ.

ಆ ಸೊನ್ನೆಯ ಬಗ್ಗೆ ಒಂದು ಮಾತು. ಏನೂ ಸಿಗದ ಚೌಕವನ್ನು ಬರೆಯದೆ ಮುಂದೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬರೆಯಿರಿ. ಐದು ವರ್ಷದ ಮೇಲೆ ಅಲ್ಲಿ ಬಳಚು ಬಂದರೆ, 'ಮೊದಲು ಇರಲಿಲ್ಲ' ಎಂದು ಹೇಳಲು ಇರುವುದು ಆ ಸೊನ್ನೆ ಒಂದೇ.

ಸಣ್ಣ ಹುಳು, ಸೀಗಡಿಯಂಥ ಸಣ್ಣ ಜೀವಿಗಳಿಗೆ ಕೊಳವೆ ಬೇಕು. ಅದನ್ನು 15 ಸೆಂ.ಮೀ. ಒತ್ತಿ, ಬಾಯಿಗೆ ಅಂಗೈ ಮುಚ್ಚಿ ಎತ್ತಿ, ಅರ್ಧ ಮಿ.ಮೀ. ಜರಡಿಯಲ್ಲಿ ಸೋಸಿ. ಇವನ್ನು ಗುರುತಿಸಲು ಸೂಕ್ಷ್ಮದರ್ಶಕ ಬೇಕು, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ನೆರವು ಬೇಕು. ಪ್ರಯೋಗಾಲಯದವರು ಫಾರ್ಮಲಿನ್‌ನಲ್ಲಿಟ್ಟು, ರೋಸ್ ಬೆಂಗಾಲ್ ಬಣ್ಣ ಹಾಕಿ, ಗುಲಾಬಿಯಾದ ಹುಳುಗಳನ್ನು ಮಣ್ಣಿನಿಂದ ಹೆಕ್ಕುತ್ತಾರೆ. ಫಾರ್ಮಲಿನ್ ಕ್ಯಾನ್ಸರ್ ತರುವ ರಾಸಾಯನಿಕ, ಶಾಲಾ ಮಕ್ಕಳ ಕೈಗೆ ಕೊಡುವಂತಿಲ್ಲ.

ಚೀಟಿ ಬರೆಯುವ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಬಾಲ್ ಪೆನ್ನಿನಲ್ಲಿ ಬರೆದು, ಮಣ್ಣನ್ನು ಆಲ್ಕೋಹಾಲಿನಲ್ಲಿ ಇಟ್ಟಿದ್ದ ಡಬ್ಬಿಯೊಳಗೆ ಹಾಕಿದ್ದೆ. ವಾರದ ಮೇಲೆ ತೆರೆದರೆ ಆಲ್ಕೋಹಾಲ್ ಶಾಯಿಯನ್ನೆಲ್ಲ ಕರಗಿಸಿತ್ತು. ಎರಡು ದಿನದ ಮಣ್ಣು ಯಾವ ಜಾಗದ್ದು ಎಂದು ತಿಳಿಯದೆ ಎಸೆಯಬೇಕಾಯಿತು. ಆ ಹುಳುಗಳು ಸುಮ್ಮನೆ ಸತ್ತವು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಒಂದನ್ನು ಡಬ್ಬಿಯ ಒಳಗೆ ಹಾಕಿ, ಇನ್ನೊಂದನ್ನು ಹೊರಗೆ ಅಂಟಿಸಿ.

ಮಣ್ಣು, ಉಪ್ಪು

ಅದೇ ಜಾಗದ ಒಂದು ಹಿಡಿ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಹೊಯ್ಗೆ ಬೇಗ ಕೂರುತ್ತದೆ. ಸಣ್ಣ ಕೆಸರಿಗೆ ಗಂಟೆಗಟ್ಟಲೆ ಬೇಕು, ಜೇಡಿಗೆ ಒಂದು ದಿನಕ್ಕಿಂತಲೂ ಹೆಚ್ಚು. ಪದರಗಳ ದಪ್ಪ ಅಳೆದರೆ ಅಂದಾಜು ಸಿಗುತ್ತದೆ. ಪ್ರಯೋಗಾಲಯದಲ್ಲಿ 63 ಮೈಕ್ರಾನ್ ಜರಡಿ ಬಳಸುತ್ತಾರೆ. ಅದರಿಂದ ಕೆಳಗೆ ಇಳಿದದ್ದು ಕೆಸರು, ಮೇಲೆ ನಿಂತದ್ದು ಹೊಯ್ಗೆ. ಅಗೆದ ಗುಂಡಿಯ ಬದಿಯನ್ನೂ ನೋಡಿ. ಕಂದು ಮಣ್ಣಿನ ಕೆಳಗೆ ಕಪ್ಪು ಪದರ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಇಲ್ಲ. ಆ ಕಪ್ಪು ಎಷ್ಟು ಸೆಂ.ಮೀ. ಕೆಳಗೆ ಶುರುವಾಗುತ್ತದೆ ಎಂದು ಬರೆದುಕೊಳ್ಳಿ.

ನೀರಿನ ಉಪ್ಪನ್ನು ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿ ನೋಡಿ. ಸಮುದ್ರದಲ್ಲಿ ಕಿಲೋಗೆ ಸುಮಾರು 35 ಗ್ರಾಂ ಇರುತ್ತದೆ.

ದೋಣಿಯಿಂದ ಆಳದ ತಳ

ಇಳಿತದಲ್ಲೂ ಮುಳುಗಿರುವ ಕಾಲುವೆಗೆ ದೋಣಿ ಬೇಕು. ಮೀನುಗಾರರು ಬಳಸುವ, ನೀರಿನೊಳಗೆ ಸದ್ದು ಕಳಿಸಿ ಆಳ ಅಳೆಯುವ ಫಿಶ್ ಫೈಂಡರ್ ಹಿಡಿದು ದಡದಿಂದ ದಡಕ್ಕೆ ಗೆರೆ ಎಳೆದ ಹಾಗೆ ಹೋಗಿ. ಗಟ್ಟಿ ತಳ ಜೋರು ಸದ್ದು ಹಿಂದೆ ಕಳಿಸುತ್ತದೆ, ಮೆತ್ತನೆ ಕೆಸರು ಸದ್ದನ್ನು ನುಂಗುತ್ತದೆ. ಪ್ರತಿ ಅಳತೆಯ ಪಕ್ಕ ಗಂಟೆ, ನಿಮಿಷ ಬರೆಯಬೇಕು. ಇಲ್ಲದಿದ್ದರೆ ಆಳ ಹೊಳೆಯದ್ದೋ ಭರತದ್ದೋ ಗೊತ್ತಾಗದು. ಮಣ್ಣು ಎತ್ತಲು ವಾನ್ ವೀನ್ ಗ್ರಾಬ್ ಎಂಬ ಉಕ್ಕಿನ ಬಾಯಿ ಇದೆ. ತಳ ಮುಟ್ಟಿದಾಗ ಕೊಂಡಿ ಕಳಚುತ್ತದೆ, ಹಗ್ಗ ಎಳೆದರೆ ಬಾಯಿ ಮುಚ್ಚುತ್ತದೆ. ಚಿಪ್ಪು ಸಿಕ್ಕಿ ಬಾಯಿ ಅರೆ ತೆರೆದಿದ್ದರೆ ಆ ಮಣ್ಣು ಲೆಕ್ಕಕ್ಕಿಲ್ಲ, ಮತ್ತೆ ಇಳಿಸಿ.

ಬಣ್ಣ ತುಂಬುವಾಗ ಅವಸರ ಬೇಡ

ಈಗ ಅಗೆದ ಜಾಗಗಳನ್ನೆಲ್ಲ ಚುಕ್ಕೆಗಳಾಗಿ ಕ್ಯೂಜಿಐಎಸ್‌ಗೆ ಏರಿಸಿ. ಚುಕ್ಕೆಗಳ ನಡುವಿನ ಜಾಗಕ್ಕೆ ಬಣ್ಣ ಹರಡುವ ಸೌಲಭ್ಯ ಅದರಲ್ಲಿದೆ. ಅದು ನೋಡಲು ಚಂದ, ಆದರೆ ಕಾಲುವೆ ದಾಟಿ ಆಚೆ ದಡಕ್ಕೂ ಬಳಚು ಹರಡಿಬಿಡುತ್ತದೆ. ಚುಕ್ಕೆ ಕಡಿಮೆ ಇದ್ದರೆ ಚುಕ್ಕೆಗಳನ್ನೇ ತೋರಿಸಿ. ಅಗೆಯದ ಜಾಗ ಬಿಳಿಯಾಗಿಯೇ ಇರಲಿ. ಸೊನ್ನೆಗೆ ಬೇರೆ ಬಣ್ಣ ಕೊಡಿ. 'ನೋಡಿದೆವು, ಇಲ್ಲ' ಮತ್ತು 'ನೋಡಿಲ್ಲ' ಎರಡೂ ಒಂದೇ ಅಲ್ಲ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತು ನೀರು ಮತ್ತೆ ಉಪ್ಪಾದ ಮೇಲೆ ಒಮ್ಮೆ, ಅದೇ ಜಾಗಗಳಲ್ಲಿ ಅದೇ ಜರಡಿಯಲ್ಲಿ ಮಾಡಬೇಕು. ಜರಡಿ ಬದಲಾದರೆ ಹೋಲಿಕೆ ಆಗದು. ಇಂಥ ಲೆಕ್ಕದಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಕೇರಳದ ಅಷ್ಟಮುಡಿ ಹಿನ್ನೀರಿನ ಕತೆ ಹೇಳುತ್ತೇನೆ. ಅಲ್ಲಿ ಇದೇ ಪಫಿಯಾ ಬಳಚಿಗೆ ಮರಿ ಮಾಡುವ ಕಾಲದಲ್ಲಿ ರಜೆ ಕೊಟ್ಟರು, ಬಲೆಯ ಕಣ್ಣಿಗೆ ಅಳತೆ ಕಟ್ಟಿದರು. 2014ರಲ್ಲಿ ಅದು ಎಂಎಸ್‌ಸಿ (ಬರಿದಾಗದಂತೆ ಹಿಡಿಯುವ ಮೀನುಗಾರಿಕೆಗೆ ಸಿಗುವ ಅಂತರರಾಷ್ಟ್ರೀಯ ಮನ್ನಣೆ) ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು. ಯಾವಾಗ, ಎಲ್ಲಿ, ಎಷ್ಟು ದೊಡ್ಡದು ಎಂಬ ಲೆಕ್ಕ ಇಲ್ಲದೆ ಅಂಥ ನಿಯಮ ಹುಟ್ಟುವುದಿಲ್ಲ.

ಬಳಚಿನ ದಿಬ್ಬಗಳ ನಿಖರ ಜಾಗವನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಬೇಡಿ. ಹೊರಗಿನವರು ಬಂದು ಬಾಚಿಕೊಂಡು ಹೋದರೆ ನಷ್ಟ ಆಗುವುದು ದಾರಿ ತೋರಿಸಿದವರಿಗೆ. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಒಂದು ಪ್ರತಿ, ಬಳಚು ತೆಗೆಯುವವರ ಕೈಗೆ ಒಂದು ಪ್ರತಿ ಮೊದಲು ಹೋಗಲಿ.

ನಾವು ನಕ್ಷೆ ಒಯ್ದು ಕೊಟ್ಟಾಗ ಆ ಅಕ್ಕ ಬಣ್ಣಗಳನ್ನು ಹೆಚ್ಚು ಹೊತ್ತು ನೋಡಲಿಲ್ಲ. ಬೆರಳು ನೇರ ಬಿಳಿ ಜಾಗಕ್ಕೆ ಹೋಯಿತು. "ಇದೆಂತಕ್ಕೆ ಖಾಲಿ ಬಿಟ್ಟೀರಿ? ಇಲ್ಲಿ ನೀಲಿಕಲ್ಲು ಉಂಟಲ್ಲ." ನೀಲಿಕಲ್ಲು ಅಂದರೆ ಕಲ್ಲಲ್ಲ, ಕಲ್ಲಿಗೆ ಅಂಟಿ ಬೆಳೆಯುವ ಇನ್ನೊಂದು ಬಗೆಯ ಚಿಪ್ಪಿನ ಜೀವಿ. ನಾವು ಅಲ್ಲಿಗೆ ಹೋಗೇ ಇರಲಿಲ್ಲ. ಮುಂದಿನ ಅಮಾವಾಸ್ಯೆ ಕಳೆದ ಮರುದಿನ, ಅವರನ್ನೇ ಮುಂದೆ ಬಿಟ್ಟುಕೊಂಡು, ಚೌಕ ಜರಡಿ ಹೊತ್ತು ಅಲ್ಲಿಗೆ ನಡೆದೆವು.