ಮುಖದ ಗಾಯಕ್ಕೆ ಹೊಲಿಗೆ: ಅರಿವಳಿಕೆ ಚುಚ್ಚುವ ಮೊದಲು

ಮೂಡಿಗೆರೆ, ಸಕಲೇಶಪುರದ ಕಡೆಯ ಆಸ್ಪತ್ರೆಗಳಿಗೆ ಹೊಸದಾಗಿ ಬರುವ ಕಿರಿಯ ವೈದ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಮರಗಸಿಯಲ್ಲಿ, ಅಂದರೆ ತೋಟದ ಮರಗಳ ಕೊಂಬೆ ಕಡಿಯುವಾಗ, ಕತ್ತಿ ತಾಗಿದವರು, ಘಾಟಿಯ ತಿರುವಿನಲ್ಲಿ ಬೈಕ್ ಜಾರಿ ಬಿದ್ದವರು ಕೆನ್ನೆಗೆ ಟವೆಲ್ ಒತ್ತಿಕೊಂಡೇ ಬರುತ್ತಾರೆ. ಉಸಿರಾಟ, ತಲೆ, ಕುತ್ತಿಗೆ, ಕಣ್ಣುಗಳನ್ನು ನೋಡಿ ಮುಗಿಸಿದ ಮೇಲೂ ಸೂಜಿ ಎತ್ತಿಕೊಳ್ಳಲು ಅವಸರಪಡಬಾರದು.

ಅರಿವಳಿಕೆ ಮದ್ದು ಒಳಗೆ ಹೋದ ಮೇಲೆ ಮುಖದ ನರಗಳ ಪರೀಕ್ಷೆಯನ್ನು ನಂಬಲಾಗದು. ವೃತ್ತಿಯ ಮೊದಲ ವರ್ಷದಲ್ಲಿ, ಕಿವಿಯ ಮುಂದೆ ಆಳವಾಗಿ ಸೀಳಿದ್ದ ಒಬ್ಬರಿಗೆ ನಾನು ನೋವು ನೋಡಲಾರದೆ ಮೊದಲೇ ಚುಚ್ಚಿದೆ. ಬಾಯಿ ಒಂದು ಪಕ್ಕಕ್ಕೆ ವಾಲಿದಾಗ, ಅದು ಕತ್ತಿ ಮಾಡಿದ್ದೋ ಮದ್ದು ಮಾಡಿದ್ದೋ ತಿಳಿಯದೆ ಗಂಟೆಗಟ್ಟಲೆ ಕಾಯಬೇಕಾಯಿತು. ಆದ್ದರಿಂದ ಮೊದಲು, “ಅಣ್ಣಾ, ಹುಬ್ಬು ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ” ಎಂದು ಕೇಳಿ, ಹಣೆ, ಕೆನ್ನೆ, ತುಟಿಗಳಲ್ಲಿ ಸ್ಪರ್ಶಜ್ಞಾನವಿದೆಯೇ ಎಂದು ನೋಡಿ, ಎಲ್ಲವನ್ನೂ ಬರೆದಿಡಬೇಕು. ಕಣ್ಣಿನ ಹೊರಮೂಲೆಯಿಂದ ಹಿಂದಕ್ಕೆ, ಕಿವಿಯ ಕಡೆಗಿರುವ ಗಾಯದಲ್ಲಿ ಚಲನೆ ಕುಂದಿದ್ದರೆ, ಅಥವಾ ಕೆನ್ನೆಯ ಗಾಯದಿಂದ ಜೊಲ್ಲು ಒಸರುತ್ತಿದ್ದರೆ, ಅಲ್ಲಿಯೇ ಹೊಲಿಯದೆ ಶಸ್ತ್ರತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.

ತುಟಿ ಸೀಳಿದ್ದರೆ ಕೆಂಪು ಭಾಗವೂ ಚರ್ಮವೂ ಸೇರುವ ಗೆರೆಯನ್ನು ಎರಡೂ ಬದಿಯಲ್ಲಿ ಶಾಯಿಯಿಂದ ಗುರುತು ಮಾಡಿಕೊಳ್ಳಿ, ಏಕೆಂದರೆ ಮದ್ದು ತುಂಬಿ ಊದಿದ ತುಟಿಯಲ್ಲಿ ಆ ಗೆರೆ ಕಾಣದಾಗುತ್ತದೆ, ಮತ್ತು 1 ಮಿಲಿಮೀಟರ್ ತಪ್ಪಿದರೂ ಎದುರು ಕುಳಿತವರ ಕಣ್ಣಿಗೆ ಬೀಳುತ್ತದೆ. ಸಾಧ್ಯವಾದಲ್ಲಿ ಗಾಯದ ಬದಲು ನರದ ಬಳಿಯೇ ಮದ್ದು ಕೊಡುವುದು ಮೇಲು: ಮೇಲ್ತುಟಿಗೆ ಕಣ್ಣುಗುಳಿಯ ಅಂಚಿನ ಕೆಳಗೆ, ಕೆಳತುಟಿಗೆ ಕೆಳದವಡೆಯಲ್ಲಿ ನರ ಹೊರಬರುವ ರಂಧ್ರದ ಬಳಿ. ಹುಬ್ಬನ್ನು ಎಂದಿಗೂ ಬೋಳಿಸಬೇಡಿ.

ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕಬೇಕು. ನಾವು ಬಳಸುವ ಅರಿವಳಿಕೆ ಮದ್ದು ಲಿಗ್ನೊಕೇನ್; ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಅದರಲ್ಲಿ ಸೇರಿಲ್ಲದಿದ್ದರೆ ಕಿಲೋಗೆ 4.5 ಮಿಲಿಗ್ರಾಂ, ಒಟ್ಟು 300 ಮಿಲಿಗ್ರಾಂ ಮಿತಿ; ಅಡ್ರಿನಲಿನ್ ಸೇರಿದ್ದರೆ ಕಿಲೋಗೆ 7 ಮಿಲಿಗ್ರಾಂ. ಶೇ. 2ರ ದ್ರಾವಣದ ಪ್ರತಿ ಮಿಲಿಲೀಟರ್‌ನಲ್ಲಿ 20 ಮಿಲಿಗ್ರಾಂ ಇರುವುದರಿಂದ, 12 ಕಿಲೋ ತೂಗುವ ಮಗುವಿಗೆ ಅಡ್ರಿನಲಿನ್ ಇಲ್ಲದ ಮದ್ದಿನ ಮಿತಿ 54 ಮಿಲಿಗ್ರಾಂ, ಅಂದರೆ ಕೇವಲ 2.7 ಮಿಲಿಲೀಟರ್, 5 ಮಿಲಿಲೀಟರ್ ಸಿರಿಂಜನ್ನು ಪೂರ್ತಿ ತುಂಬಿಕೊಂಡರೆ ಆಗಲೇ ಮಿತಿ ದಾಟಿದಂತೆ. ವಯಲಿನ ಮೇಲಿನ ಶೇಕಡಾವಾರನ್ನು ದನಿಯೆತ್ತಿ ಓದಿ, ದಾದಿಯೂ ಕೇಳಲಿ.

ಸಣ್ಣ ಸೂಜಿ ಬಳಸಿ, ಸಿರಿಂಜಿನ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ನಿಧಾನವಾಗಿ ಕೊಡಿ; ಕೆಲವು ನಿಮಿಷ ಕಾದು, ಜೋಮು ಹಿಡಿದ ಮೇಲೆ ಗಾಯವನ್ನು ಚೆನ್ನಾಗಿ ತೊಳೆಯಿರಿ. ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವುದು, ತೊದಲುವಿಕೆ ಮದ್ದು ರಕ್ತದಲ್ಲಿ ಹೆಚ್ಚಾಗಿ ವಿಷವಾಗುತ್ತಿರುವ ಲಕ್ಷಣಗಳು; ಅವು ಕಂಡರೆ ತಕ್ಷಣ ನಿಲ್ಲಿಸಿ, ಆಮ್ಲಜನಕ ಕೊಟ್ಟು, ಸೆಳೆತಕ್ಕೆ ಸಿದ್ಧರಾಗಬೇಕು. ಪರಿಸ್ಥಿತಿ ಗಂಭೀರವಾದರೆ ಶೇ. 20ರ ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಕಿಲೋಗೆ 1.5 ಮಿಲಿಲೀಟರ್‌ನಂತೆ ರಕ್ತನಾಳಕ್ಕೆ ಕೊಡಬೇಕಾಗುತ್ತದೆ. ಅದು ಎಲ್ಲಿದೆ ಎಂಬುದು ಚುಚ್ಚುವ ಮೊದಲೇ ಗೊತ್ತಿರಲಿ.

ನಾಯಿ ಕಚ್ಚಿದ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ರೇಬಿಸ್ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಅನ್ನು ಗಾಯದೊಳಗೆ ಕೊಡುವ ತನಕ ಹೊಲಿಗೆ ಹಾಕಕೂಡದು.

ಮನೆಗೆ ಕಳುಹಿಸುವಾಗ, ಜೋಮು ಇಳಿಯುವವರೆಗೆ ಬಿಸಿ ಕಾಫಿ ಕುಡಿಯಬಾರದೆಂದು ತಿಳಿಸಿ, ಮಗು ತುಟಿ ಕಚ್ಚಿಕೊಳ್ಳದಂತೆ ತಾಯಿಗೆ ಹೇಳಿ.